ದೊಡ್ಡಮ್ಮನ ಹಳೇಬೀಡು ಫೋಟೋ, ದೊರೆಗಳ ಹಳೇಬೀಡು ಫೋಟೋ

ಹೋದ ತಿಂಗಳು ಮಳೆ ಹಿಡಿದು ಮೂರು ದಿನ ಬಿಡ್ಲೇ ಇಲ್ಲ ನೋಡಿ, ಆಗ ದೊಡ್ಡಮ್ಮನ ಟ್ರಂಕು ಅಟ್ಟದಿಂದ ಕೆಳಗೆ ಬಂತು. ಹೆಂಚಿನ ಸಂದೀಲಿ ನೀರು ಜಿನುಗಿ ಟ್ರಂಕಿನ ಒಂದು ಮೂಲೆ ತುಕ್ಕು ಹಿಡಿದಿತ್ತು. ಸೀರೆಗಳನ್ನೆಲ್ಲ ಹಾಲ್‌ನಲ್ಲಿ ಹಗ್ಗ ಕಟ್ಟಿ ಹರವಿದ್ದಾಯ್ತು. ಅಡೀಲಿ ಹಾಸಿದ್ದ ನ್ಯೂಸ್‌ಪೇಪರ್ ಕೆಳಗೆ ಒಂದು ಹಳದಿ ಲಕೋಟೆ, ಅದರೊಳಗೆ ಹನ್ನೊಂದು ಫೋಟೋ. ಒಂದೊಂದೂ ಬಿಸ್ಕತ್ತಿನಗಲ, ಚೌಕ, ಸುತ್ತ ಬಿಳೀ ಅಂಚು. 1967ರಲ್ಲಿ ನಮ್ಮ ಬೀದಿಯವರೆಲ್ಲ ಸೇರಿ ವ್ಯಾನ್ ಮಾಡ್ಕೊಂಡು ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಅಂತ ಹೋಗಿದ್ರಲ್ಲ, ಆವಾಗಿನದು. ದೊಡ್ಡಪ್ಪನ ಹತ್ರ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಇತ್ತು. ಒಂದು ರೀಲಿಗೆ ಹನ್ನೆರಡೇ ಫೋಟೋ.

ಹನ್ನೆರಡನೇದು ಎಲ್ಲಿ ಅಂತ ಕೇಳ್ತೀರಾ? ಅದು ಅಜ್ಜಿ ಒಬ್ಬರೇ ನಿಂತಿದ್ದ ಫೋಟೋ. ಅಜ್ಜಿ ಹೋದಾಗ ದೊಡ್ಡದು ಮಾಡಿಸಿ ಗೋಡೆಗೆ ಹಾಕೋಣ ಅಂತ ಒಂದು ಅಂಗಡಿಗೆ ಕೊಟ್ಟಿದ್ವಿ. ಅವರು ಅದನ್ನ ಕಳೆದು ಹಾಕಿದ್ರು. ಅಂಗಡಿ ಹೆಸರು ಬೇಡ ಬಿಡಿ, ಈಗ ಅದು ಇಲ್ಲವೂ ಇಲ್ಲ. ನೆಗೆಟಿವ್ ಅನ್ನೋದನ್ನ ಇಟ್ಕೋಬೇಕು ಅಂತ ಆಗ ನಮಗ್ಯಾರಿಗೂ ಗೊತ್ತಿರ್ಲಿಲ್ಲ. ಅದಕ್ಕೇ ಅಜ್ಜಿ ಮುಖ ಸರಿಯಾಗಿ ಕಾಣೋ ಫೋಟೋ ನಮ್ಮ ಮನೇಲಿ ಇವತ್ತಿಗೂ ಇಲ್ಲ. ಉಳಿದಿರೋದರಲ್ಲಿ ಒಂದು ಗುಂಪು ಫೋಟೋ ಇದೆ. ಹಳೇಬೀಡು ದೇವಸ್ಥಾನದ ಗೋಡೆ ಮುಂದೆ ಆರು ಜನ ಹೆಂಗಸರು. ಅಜ್ಜಿ ಬಿಸಿಲಿಗೆ ಸೆರಗು ಎಳ್ಕೊಂಡು ಅರ್ಧ ಮುಖ ಮುಚ್ಚಿದಾರೆ. ಐದು ಜನ ಯಾರು ಅಂತ ಗೊತ್ತು. ಆರನೇಯವಳು, ಕೊನೇಲಿ, ಸ್ವಲ್ಪ ದೂರ ನಿಂತವಳು, ಯಾರು?

ದೊಡ್ಡಮ್ಮನ್ನ ಕೇಳಿದೆ. ಅವರಿಗೆ ಈಗ ಎಂಬತ್ತೆಂಟು. ಬೆಳಿಗ್ಗೆ ಹೊತ್ತು ಚೆನ್ನಾಗೇ ಇರ್ತಾರೆ, ಸಂಜೆ ಆದ್ರೆ ನನ್ನನ್ನೇ ಯಾರಮ್ಮ ನೀನು ಅಂತಾರೆ. ಅವತ್ತು ಸಂಜೆಯಾಗಿತ್ತು. ಫೋಟೋ ಕೈಲಿ ಹಿಡ್ಕೊಂಡು ಸುಮ್ಮನೆ ಕೂತ್ರು.

ಮಿಚಿಗನ್ನಿನಲ್ಲಿರೋ ನಮ್ಮಕ್ಕನ ಮಗಳಿಗೆ ಈ ಫೋಟೋ ಕಳಿಸಿದ್ದೆ. ಅವಳು ತಿರುಗಿ ಒಂದು ಲಿಂಕ್ ಕಳಿಸಿದ್ಲು. "ಚಿಕ್ಕಮ್ಮ, ಇದೇ ದೇವಸ್ಥಾನದ ನೂರೈವತ್ತು ವರ್ಷಕ್ಕೂ ಹಳೇ ಫೋಟೋ ಇಲ್ಲಿದೆ ನೋಡಿ." ಅಲ್ಲಿಂದ ಶುರುವಾಯ್ತು ನೋಡಿ ನನ್ನ ಹುಚ್ಚು. ಅಡುಗೆಮನೇಲಿ ಟ್ಯಾಬನ್ನ ಸಾರಿನಪುಡಿ ಡಬ್ಬಕ್ಕೆ ಒರಗಿಸಿ ಇಟ್ಕೊಂಡು, ಒಂದು ಕೈಲಿ ಸೌಟು, ಒಂದು ಕೈಲಿ ಲಂಡನ್ನು, ವಾಷಿಂಗ್ಟನ್ನು, ಬಾಸೆಲ್ಲು. ಮನೇಲಿ ಕೂತೇ ನೋಡೋ ಹಾಗೆ ದೊಡ್ಡ ದೊಡ್ಡ ಮ್ಯೂಸಿಯಂಗಳು ಹಳೇ ಪ್ರವಾಸದ ಫೋಟೋಗಳ ಪ್ರದರ್ಶನ ಇಟ್ಟಿದಾವೆ ಕಣ್ರೀ. ಟಿಕೇಟಿಲ್ಲ, ಚಪ್ಪಲಿ ಬಿಡೋ ಹಾಗಿಲ್ಲ. ನನಗೆ ಅರ್ಥ ಆದಷ್ಟನ್ನ ನಿಮಗೂ ಹೇಳ್ತೀನಿ.

ಮೊದಲು ಫೋಟೋಗ್ರಾಫರ್ ಬರ್ಲಿಲ್ಲ, ಚಿತ್ರಗಾರ ಬಂದ. ಟಿಪ್ಪು ಜೊತೆ ಯುದ್ಧ ಮಾಡೋಕೆ ಬಂದ ದಂಡಿನ ಹಿಂದೇನೇ ರಾಬರ್ಟ್ ಹೋಮ್ ಅನ್ನೋ ಚಿತ್ರಗಾರ ಬಂದು, ನಮ್ಮ ಸೀಮೆಯ ಕೋಟೆ, ಬೆಟ್ಟ ಎಲ್ಲ ಬರ್ಕೊಂಡು ಹೋಗಿ 1794ರಲ್ಲಿ ಮೈಸೂರಿನ ನೋಟಗಳು ಅಂತ ಪುಸ್ತಕ ಮಾಡಿಸ್ದ. ಶ್ರೀರಂಗಪಟ್ಟಣ ಬಿದ್ದ ಮಾರನೇ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟ್ರು ಮದರಾಸಿಂದ ಹೊರಟು ಊರೂರು ತಿರುಗಿದ. ಯಾವ ಮಣ್ಣಲ್ಲಿ ಏನು ಬೆಳೀತಾರೆ, ಎಣ್ಣೆ ಗಾಣ ಹೇಗೆ ತಿರುಗುತ್ತೆ, ಬೆಲ್ಲ ಹೇಗೆ ಕಾಯಿಸ್ತಾರೆ, ಎಲ್ಲ ಬರ್ಕೊಂಡ. 1807ರಲ್ಲಿ ಮೂರು ಸಂಪುಟ ಬಂತು. ಗೆದ್ದ ಮನೇಲಿ ಏನೇನಿದೆ ಅಂತ ಪಟ್ಟಿ ಮಾಡಿದ ಹಾಗೆ ಅದು. ಪ್ರೀತಿಗೇ ಬರೆದ್ರು ಅಂತ ಅನ್ಕೋಬೇಡಿ. ಆದ್ರೂ ಆಗಿನ ನಮ್ಮ ಜನ ಏನು ಉಣ್ತಿದ್ರು, ಏನು ಉಡ್ತಿದ್ರು ಅಂತ ತಿಳ್ಕೋಬೇಕು ಅಂದ್ರೆ ಇವತ್ತಿಗೂ ಆ ಪಟ್ಟೀನೇ ತೆಗೀಬೇಕು. ಸಿಟ್ಟು ಬರುತ್ತೆ, ಉಪಯೋಗಾನೂ ಆಗುತ್ತೆ, ಎರಡೂ ಒಟ್ಟಿಗೇ.

ಆಮೇಲೆ ಕ್ಯಾಮೆರಾ ಬಂತು. ಹಳೇಬೀಡು, ಬೇಲೂರನ್ನ ಮೊದಮೊದಲಿಗೆ ಫೋಟೋ ಹಿಡಿದವನು ಕ್ಯಾಪ್ಟನ್ ಲಿನ್ನೇಯಸ್ ಟ್ರೈಪ್. ಕಂಪನಿಯ ಮದರಾಸು ಸೈನ್ಯದವನು. ರಜೆ ಮೇಲೆ ಇಂಗ್ಲೆಂಡಿಗೆ ಹೋದಾಗ ಫೋಟೋ ವಿದ್ಯೆ ಕಲಿತ್ಕೊಂಡು ಬಂದ. 1854ರ ಡಿಸೆಂಬರಲ್ಲಿ ಆಂಡ್ರ್ಯೂ ನೀಲ್ ಅನ್ನೋ ಡಾಕ್ಟರ ಜೊತೆ ನಮ್ಮ ಈ ಕಡೆ ದೇವಸ್ಥಾನಗಳಿಗೆ ಹೊರಟ. ಮಾರನೇ ವರ್ಷ ಮದರಾಸಲ್ಲಿ ದೊಡ್ಡ ವಸ್ತುಪ್ರದರ್ಶನ ಆಯ್ತು, ನಮ್ಮ ದಸರಾ ಎಗ್ಸಿಬಿಷನ್ ಥರ ಅನ್ಕೊಳ್ಳಿ. ಅಲ್ಲಿ 68 ಫೋಟೋ ಇಟ್ಟು ಪದಕ ಹೊಡ್ಕೊಂಡ. ಅದೇ ಟ್ರೈಪ್‌ನ ಫೋಟೋಗಳದ್ದು 2014ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರೀಲಿ ದೊಡ್ಡ ಪ್ರದರ್ಶನ ಆಯ್ತು. 2015ರಲ್ಲಿ ಅದು ನ್ಯೂಯಾರ್ಕಿಗೆ ಹೋಯ್ತು, ಅಲ್ಲಿಂದ ಲಂಡನ್ನಿಗೆ. ಅಲ್ಲೆಲ್ಲ ಹೋಗಿ ನೋಡೋ ಯೋಗ ನಮಗೆಲ್ಲಿ ಬರ್ಬೇಕು. ಆದ್ರೆ ಫೋಟೋಗಳು ಅಂತರ್ಜಾಲದಲ್ಲಿ ಇದಾವೆ, ದೊಡ್ಡದು ಮಾಡಿ ಮಾಡಿ ನೋಡಬಹುದು. ಅಂತ ಪಟಗಳನ್ನೇ ನಾನು ಟ್ಯಾಬಲ್ಲಿ ದೊಡ್ಡಮ್ಮನಿಗೆ ತೋರಿಸಿದ್ದು.

ಅವರು ಕನ್ನಡಕ ಸರಿ ಮಾಡ್ಕೊಂಡು ನೋಡಿ ಅಂದಿದ್ದು ಒಂದೇ ಮಾತು. "ಯಾರೂ ಇಲ್ವಲ್ಲೇ ಇಲ್ಲಿ."

ನಿಜ ಕಣ್ರೀ. ನಾನು ಹತ್ತು ಸಲ ನೋಡಿದ್ರೂ ನನಗೆ ಅದು ಹೊಳೆದಿರ್ಲಿಲ್ಲ. ಎಂಥಾ ದೇವಸ್ಥಾನ, ಎಂಥಾ ಕೆತ್ತನೆ, ಒಂದು ನರಪಿಳ್ಳೆ ಇಲ್ಲ. ಏನಾದ್ರೂ ಊರು ಬಿಟ್ಟು ಹೋಗಿದ್ರಾ? ಇಲ್ಲ. ಯಾಕೆ ಅಂತ ಹೇಳೋಕೆ ಮುಂಚೆ ಆಗಿನ ಫೋಟೋ ಹೇಗೆ ಮಾಡ್ತಿದ್ರು ಅಂತ ಹೇಳ್ಬೇಕು. ಇದನ್ನ ಓದಿ ನನಗೆ ಎಷ್ಟು ನಗು ಬಂತು ಅಂದ್ರೆ, ಎಲ್ಲ ನಮ್ಮ ಅಡುಗೆಮನೆ, ಬಾಣಂತಿ ಕೋಣೆ ಸಾಮಾನೇ!

ಆಗ ರೀಲು ಗೀಲು ಇರ್ಲಿಲ್ಲ. ಕಾಗದವೇ ನೆಗೆಟಿವ್. ಒಳ್ಳೇ ತೆಳು ಕಾಗದ ತಗೊಂಡು ಅದಕ್ಕೆ ಜೇನುಮೇಣ ಸವರಿ, ಮೇಲೆ ಹೀರುಕಾಗದ ಇಟ್ಟು ಬಿಸಿ ಇಸ್ತ್ರಿಪೆಟ್ಟಿಗೆ ಎಳೀಬೇಕು. ದೋಸೆ ಹೆಂಚಿಗೆ ಎಣ್ಣೆ ಹಿಡಿಸೋ ಹಾಗೆ ಮೇಣ ಕಾಗದಕ್ಕೆಲ್ಲ ಸಮನಾಗಿ ಇಳೀಬೇಕು, ಆಗ ಕಾಗದ ಗಾಜಿನ ಥರ ಬೆಳಕು ಬಿಡುತ್ತೆ. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಅನ್ನೋನು 1851ರ ಸುಮಾರಿಗೆ ಈ ವಿಧಾನ ಹೇಳ್ಕೊಟ್ಟ. ಆಮೇಲೆ ಅದನ್ನ ಅಯೋಡೈಡ್ ಉಪ್ಪಿನ ನೀರಲ್ಲಿ ನೆನೆಹಾಕ್ಬೇಕು. ಲೆ ಗ್ರೇ ಬರೆದಿಟ್ಟ ಪಾಕದಲ್ಲಿ ಆ ನೀರು ಯಾವುದು ಗೊತ್ತಾ? ಅಕ್ಕಿ ಬೇಯಿಸಿದ ಗಂಜಿ ತಿಳಿ! ಅದಕ್ಕೆ ಹಾಲಿನ ಸಕ್ಕರೆ ಬೇರೆ. ಒಣಗಿಸಿ, ಕತ್ತಲೆ ಕೋಣೇಲಿ ಬೆಳ್ಳಿ ನೈಟ್ರೇಟಲ್ಲಿ ಅದ್ದಿ, ಮತ್ತೆ ಒಣಗಿಸಿದ್ರೆ ಕಾಗದ ತಯಾರು. ಬೆಳ್ಳಿ ನೀರು ಮುಟ್ಟಿದ ಬೆರಳು ಕರ್ರಗಾಗಿ ದಿನಗಟ್ಟಲೆ ಹೋಗ್ತಿರ್ಲಿಲ್ವಂತೆ.

ಕ್ಯಾಮೆರಾದಲ್ಲಿ ಬೆಳಕು ಬಿದ್ದ ಮೇಲೂ ಕಾಗದದ ಮೇಲೆ ಏನೂ ಕಾಣಲ್ಲ. ಅದನ್ನ ಗ್ಯಾಲಿಕ್ ಆಸಿಡ್ಡಲ್ಲಿ ಇಟ್ರೆ ಚಿತ್ರ ನಿಧಾನಕ್ಕೆ ಮೂಡುತ್ತೆ. ಗ್ಯಾಲಿಕ್ ಆಸಿಡ್ ಯಾವುದರಿಂದ ತೆಗೀತಿದ್ರು? ಮಾಚಿಕಾಯಿಂದ. ಹೌದು, ಮಗುವಿಗೆ ಎಣ್ಣೆ ನೀರು ಹಾಕಿದ ಮೇಲೆ ಬಜೆ, ಅಳಲೆಕಾಯಿ, ಜಾಕಾಯಿ ಜೊತೆ ಕಲ್ಲ ಮೇಲೆ ಎರಡೆರಡು ಸುತ್ತು ತೇದು ನಾಲಿಗೆಗೆ ಹಚ್ತೀವಲ್ಲ, ಅದೇ ಮಾಚಿಕಾಯಿ. ನನ್ನ ಮಗಳಿಗೆ ತೇದ ಕಲ್ಲು ಇನ್ನೂ ಇಟ್ಟಿದೀನಿ.

ಇನ್ನು ನೆಗೆಟಿವಿಂದ ಫೋಟೋ ಮಾಡೋಕೆ ಕೆಲವರು ಬರೀ ಅಡುಗೆ ಉಪ್ಪಿನ ನೀರಲ್ಲಿ ಅದ್ದಿದ ಕಾಗದ, ಕೆಲವರು ಮೊಟ್ಟೆ ಬಿಳಿ ಸವರಿದ ಕಾಗದ ಬಳಸ್ತಿದ್ರು. ಆಮೇಲಾಮೇಲೆ ಮೊಟ್ಟೆ ಕಾಗದವೇ ಎಲ್ಲ ಕಡೆ ಬಂತು. ಜರ್ಮನಿಯ ಡ್ರೆಸ್ಡನ್ನಿನಲ್ಲಿ ಈ ಕಾಗದ ಮಾಡೋ ಕಾರ್ಖಾನೆ ಇತ್ತು. 1888ರ ಸುಮಾರಿಗೆ ಅಲ್ಲಿ ದಿನಕ್ಕೆ 60 ಸಾವಿರ ಮೊಟ್ಟೆ ಒಡೀತಿದ್ರು ಅಂತಾರೆ. ಒಡೆದು ಬಿಳಿ ಬೇರೆ, ಹಳದಿ ಬೇರೆ ಮಾಡ್ತಿದ್ದವರೆಲ್ಲ ಹೆಂಗಸರೇ. ಪ್ರಪಂಚದ ಪ್ರವಾಸದ ಫೋಟೋಗಳೆಲ್ಲ ಅವರ ಕೈಯಿಂದ ದಾಟಿ ಹೋದವು ಅನ್ನಿ. ನಮ್ಮ ಮಡಿ ಅಜ್ಜಿಯಂದಿರಿಗೆ ಇದು ಗೊತ್ತಿದ್ದಿದ್ರೆ ಫೋಟೋನ ದೇವರ ಮನೇಲಿ ಇಡ್ತಿದ್ರಾ ಅಂತ ನನ್ನ ಅನುಮಾನ!

ಈ ಮೇಣದ ಕಾಗದದಲ್ಲಿ ಒಂದು ಅನುಕೂಲ ಇತ್ತು. ಮನೇಲಿ ತಯಾರು ಮಾಡ್ಕೊಂಡು ಕೆಲವು ದಿನ ಇಟ್ಕೋಬಹುದಿತ್ತು, ಹಪ್ಪಳದ ಹಾಗೆ. ಅದೇ ಕಾಲದಲ್ಲಿ ಗಾಜಿನ ನೆಗೆಟಿವೂ ಬಂದಿತ್ತು. ಅದು ಹಾಗಲ್ಲ, ಮದ್ದು ಹಸಿ ಇರೋವಾಗಲೇ ಫೋಟೋ ತೆಗೆದು ಹಸಿ ಇರೋವಾಗಲೇ ತೊಳೀಬೇಕು. ನಮ್ಮ ಬಿಸಿಲಲ್ಲಿ ಆ ಪಾಡು ಬೇಡ. ದಾರಿ ಮೇಲೆ ತಿರುಗೋರಿಗೆ ಕಾಗದವೇ ಸರಿ ಹೋಯ್ತು. ಆದ್ರೆ ಅನಾನುಕೂಲಾನೂ ಇತ್ತು. ಚಿತ್ರ ಹಿಡಿಯೋಕೆ ನಿಮಿಷಗಟ್ಟಲೆ ಬೇಕು. ಅಷ್ಟು ಹೊತ್ತು ಯಾರು ಅಲ್ಲಾಡದೆ ನಿಲ್ತಾರೆ? ಕಲ್ಲು ನಿಲ್ಲುತ್ತೆ. ನೀರು ಹೊತ್ಕೊಂಡು ಹೋಗೋಳು, ದನ ಅಟ್ಟೋ ಹುಡುಗ, ದೇವಸ್ಥಾನದ ಜಗುಲಿ ಗುಡಿಸೋಳು, ನಡೀತಾ ಇರೋವರು ಯಾರೂ ಆ ಕಾಗದದ ಮೇಲೆ ಉಳಿಯಲ್ಲ. ಅವರು ಅಲ್ಲಿದ್ರು, ಕ್ಯಾಮೆರಾ ಮುಂದೇನೇ ಹಾದು ಹೋದ್ರು, ಆದ್ರೆ ಫೋಟೋದಲ್ಲಿಲ್ಲ. ಹಾಗಾಗಿ ದೊಡ್ಡಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಪರದೇಶದಲ್ಲಿ ಈ ಫೋಟೋ ನೋಡಿದವರಿಗೆಲ್ಲ ನಮ್ಮದು ದೊಡ್ಡ ದೊಡ್ಡ ಗುಡಿ ಇರೋ, ಜನ ಇಲ್ಲದ ದೇಶ ಅಂತ ಅನ್ನಿಸಿರ್ಬೇಕು.

ಎಲ್ಲೋ ಒಂದೊಂದು ಕಡೆ ಒಬ್ಬನನ್ನ ಕಂಬದ ಪಕ್ಕ ಕೂರಿಸಿರ್ತಾರೆ. ಯಾಕೆ? ಕಂಬ ಎಷ್ಟೆತ್ತರ ಅಂತ ಗೊತ್ತಾಗ್ಲಿ ಅಂತ. ಅಳತೆಗೋಲಿನ ಬದಲು ಮನುಷ್ಯ. ಕಂಬದ ಹೆಸರು, ಗುಡಿ ಹೆಸರು ಚೆನ್ನಾಗಿ ಬರೆದಿರ್ತಾರೆ, ಕೂತವನ ಹೆಸರಿಲ್ಲ.

ಟ್ರೈಪ್ ಕೆಲಸದ ಬಗ್ಗೆ ಇನ್ನೊಂದು ಹೇಳ್ಬೇಕು, ನಮ್ಮ ಬೆಂಗಳೂರಿನ ಸಂಬಂಧ ಇರೋದರಿಂದ. 1855ರಲ್ಲಿ ಅವನನ್ನ ಬರ್ಮಾಕ್ಕೆ ಕಳಿಸಿದ್ರು. ಅಲ್ಲಿಂದ ತಂದ ನೆಗೆಟಿವಲ್ಲಿ 120 ಆರಿಸಿ, ಒಂದೊಂದರಿಂದ 50 ಪ್ರತಿ ಮಾಡಿಸಿದ್ದು ಬೆಂಗಳೂರಲ್ಲಿ. ಲೆಕ್ಕ ಹಾಕಿ, ಆರು ಸಾವಿರ. ಎಲ್ಲಾ ಬಿಸಿಲಲ್ಲೇ ಆಗ್ಬೇಕು. ನೆಗೆಟಿವ್ ಕೆಳಗೆ ಕಾಗದ ಇಟ್ಟು, ಚೌಕಟ್ಟು ಬಿಗಿದು, ಸಂಡಿಗೆ ಒಣಹಾಕಿದ ಹಾಗೆ ಬಿಸಿಲಿಗೆ ಸಾಲಾಗಿ ಇಡೋದು. ಮೋಡ ಬಂದ್ರೆ ಆ ದಿನದ ಕೆಲಸ ಹೋಯ್ತು. ಅಷ್ಟೊಂದು ಕೆಲಸ ಒಬ್ಬನ ಕೈಯಲ್ಲಿ ಆಗೋದಲ್ಲ. ಎಷ್ಟು ಜನ ತೊಳೆದ್ರೋ, ಒಣಗಿಸಿದ್ರೋ. ಮದರಾಸಿನ ಸರ್ಕಾರದ ಫೋಟೋಗ್ರಾಫರ್ ಅಂತ ಆದ ಮೇಲೆ 1857-58ರಲ್ಲಿ ನಾಲ್ಕು ಎತ್ತಿನ ಗಾಡಿ ತುಂಬ ಸಾಮಾನು ಹೇರ್ಕೊಂಡು ದಕ್ಷಿಣಕ್ಕೆ ಹೋದ. ಆ ತಂಡದಲ್ಲಿ ಒಂದೇ ಒಂದು ನಮ್ಮವರ ಹೆಸರು ಉಳಿದಿದೆ, ಸಿ. ಅಯ್ಯಾಸ್ವಾಮಿ ಅಂತ. ಟ್ರೈಪ್‌ಗೆ ಸಹಾಯಕನಾಗಿದ್ದವರು, ಆಮೇಲೆ ಮದರಾಸಿನ ಕಲಾಶಾಲೆಯಲ್ಲಿ ಫೋಟೋ ವಿದ್ಯೆ ನಡೆಸಿದವರು. ಆ ಹೆಸರು ಕಂಡಾಗ ಊರಲ್ಲಿ ನೆಂಟರು ಸಿಕ್ಕಷ್ಟು ಖುಷಿ ಆಯ್ತು ನನಗೆ.

ಅವನ ಇನ್ನೊಂದು ಚಾಳಿ ಕೇಳಿ. ಆ ಕಾಗದದ ನೆಗೆಟಿವಲ್ಲಿ ಆಕಾಶ ಬರೀ ಬಿಳೀ ಬರ್ತಿತ್ತು, ಬೋಳು ಬೋಳು. ಅದಕ್ಕೆ ಟ್ರೈಪ್ ನೆಗೆಟಿವ್ ಮೇಲೆ ಬಣ್ಣ ತೀಡಿ ಮೋಡ ಬರೀತಿದ್ದ. ನಮ್ಮ ಮಕ್ಕಳು ಫೋನಲ್ಲಿ ಫಿಲ್ಟರ್ ಹಾಕ್ತಾರೆ ಅಂತ ಬೈತೀವಲ್ಲ! 1859ರಲ್ಲಿ ಮದರಾಸಿಗೆ ಹೊಸ ಗವರ್ನರ್ ಟ್ರೆವೆಲ್ಯಾನ್ ಬಂದ, ಖರ್ಚಿನ ಪುಸ್ತಕ ತೆಗೆದ, ಇದೆಲ್ಲ ದುಂದು ಅಂತ ಆ ಇಲಾಖೇನೇ ಮುಚ್ಚಿಸ್ದ. ಟ್ರೈಪ್ ಆಮೇಲೆ ಹೆಚ್ಚು ಕಡಿಮೆ ಕ್ಯಾಮೆರಾ ಬಿಟ್ಟ ಹಾಗೇ ಆಯ್ತು.

ಟ್ರೈಪ್ ಹಿಂದೇನೇ ಇನ್ನೂ ಕೆಲವರು ಹಳೇಬೀಡಿಗೆ ಬಂದ್ರು. ರಿಚರ್ಡ್ ಓಕ್ಲಿ ಅನ್ನೋನು ಬರೀ ಹಳೇಬೀಡು ಗುಡಿಯದ್ದೇ 56 ಫೋಟೋ ಇಟ್ಟು 1859ರಲ್ಲಿ ಲಂಡನ್ನಲ್ಲಿ ಪುಸ್ತಕ ಮಾಡ್ದ. 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲೆ ದೊಡ್ಡ ಪುಸ್ತಕ ಬಂತು. ಅದರ ಫೋಟೋ ಪಿಗೂ, ನೀಲ್, ಬಿಗ್ಸ್ ಅನ್ನೋ ಮೂವರದ್ದು, ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರದ್ದು, ದುಡ್ಡಿನ ಆಸರೆ ಬೊಂಬಾಯಿಯ ಹತ್ತಿ ಸಾಹುಕಾರ ಪ್ರೇಮ್‌ಚಂದ್ ರಾಯ್‌ಚಂದ್ ಅವರದ್ದು. ನೀಲ್ ಅಂದ್ರೆ ಟ್ರೈಪ್ ಜೊತೆ ಹೋಗಿದ್ದ ಅದೇ ಡಾಕ್ಟ್ರು. ಟೇಲರ್ ಪರವಾಗಿಲ್ಲ, ನಮ್ಮ ಜನದ ಮಧ್ಯೆ ಬಾಳಿದವನು.

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ನೋಡಿ, ಬಿಸಿಲು ಅಂತ ಕೇದಾರೇಶ್ವರಕ್ಕೆ ಹೋಗದೇ ಬಂದ್ಬಿಡ್ತೀವಿ ಅಲ್ವಾ? ನಾನೂ ಹಾಗೇ ಮಾಡಿದೀನಿ. ಅದು 1219ರಲ್ಲಿ ಎರಡನೇ ವೀರಬಲ್ಲಾಳ ಮತ್ತು ಅವನ ರಾಣಿ ಅಭಿನವ ಕೇತಲದೇವಿ ಕಟ್ಟಿಸಿದ ಗುಡಿ. ಈಗ ಅದಕ್ಕೆ ಶಿಖರ ಇಲ್ಲ. ಹಳೇ ಫೋಟೋದಲ್ಲಿ ಶಿಖರ ಇದೆ, ಅದರ ಮೇಲೆ ಗಿಡ ಬೇರು ಬಿಟ್ಟಿದೆ. ಆ ಗಿಡ ಬೆಳೆದು ಬೆಳೆದು ಕಲ್ಲುಗಳನ್ನೆಲ್ಲ ಸಡಿಲ ಮಾಡಿ ಶಿಖರ ಕೆಡವಿತು. ಅಂದ್ರೆ ರಾಣಿ ಕಟ್ಟಿಸಿದ ಗುಡಿ ಇಡಿಯಾಗಿ ಹೇಗಿತ್ತು ಅಂತ ನೋಡ್ಬೇಕಾದ್ರೆ ಈಗ ಆ ಫೋಟೋ ಒಂದೇ ಗತಿ. ಗಿಡ ಚಿಕ್ಕದಿರೋವಾಗಲೇ ಕಿತ್ತಿದ್ರೆ ಆಗ್ತಿತ್ತು, ಅಷ್ಟೇ. ನಮ್ಮ ತಾರಸಿ ಪೈಪಿನ ಪಕ್ಕ ಅರಳೀ ಗಿಡ ಬಂದಿದೆ ಅಂತ ಎಷ್ಟು ಸಲ ಹೇಳಿದೀನಿ ಇವರಿಗೆ, ಕೇಳ್ಬೇಕಲ್ಲ.

ಹಂಪೀದು ಇನ್ನೂ ಸ್ವಾರಸ್ಯ. ಪರ್ಸಿಂದ ಒಂದು ಹೊಸ 50 ರೂಪಾಯಿ ನೋಟು ತೆಗೀರಿ. ಹಿಂದುಗಡೆ ಕಲ್ಲಿನ ರಥ ಇದೆ, ವಿಠ್ಠಲ ದೇವಸ್ಥಾನದ್ದು. ಮೇಲುಗಡೆ ನೋಡಿ, ಚಪ್ಪಟೆ. ಈಗ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಸೈನ್ಯದವನು ತೆಗೆದ ಫೋಟೋ ನೋಡಿ. ಅದೇ ರಥದ ಮೇಲೆ ಇಟ್ಟಿಗೆ ಗಾರೆಯ ಗೋಪುರ ಇದೆ! ಆಮೇಲೆ ಯಾವಾಗಲೋ ಅದು ಹೋಯ್ತು. ನಾವೆಲ್ಲ ಹುಟ್ಟಿದಾಗಿಂದ ಬೋಳು ರಥಾನೇ ನೋಡಿ, ಅದೇ ಪೂರ್ತಿ ಅಂತ ಅನ್ಕೊಂಡಿದೀವಿ. ಗ್ರೀನ್‌ಲಾ ಹಂಪೀಲಿ 60ರ ಆಸುಪಾಸು ಕಾಗದದ ನೆಗೆಟಿವ್ ಮಾಡ್ದ, ಒಂದೊಂದೂ ಒಂದಡಿಗಿಂತ ಉದ್ದ ಅಗಲ. ಅವು ಬಹಳ ವರ್ಷ ಯಾರ ಕಣ್ಣಿಗೂ ಬೀಳದೆ ಇಂಗ್ಲೆಂಡಲ್ಲಿ ಒಂದು ಕಡೆ ಇದ್ವಂತೆ. ಸಿಕ್ಕಿದ ಮೇಲೆ 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೊಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ಎಲ್ಲೆಲ್ಲಿ ಕ್ಯಾಮೆರಾ ಇಟ್ಟಿದ್ನೋ ಅಲ್ಲಲ್ಲೇ ಇಟ್ಟು ಮತ್ತೆ ಫೋಟೋ ತೆಗೆದ್ರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ರೆ ಹಬ್ಬದ ದಿನ ಪೇಪರಲ್ಲಿ ಬರೋ ಹತ್ತು ವ್ಯತ್ಯಾಸ ಹುಡುಕಿ ಆಟದ ಹಾಗೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಅವತ್ತು ನಮ್ಮನೇಲಿ ಹುಳಿ ತಳ ಹಿಡೀತು.

ಮಂಗಳೂರು, ಧಾರವಾಡ, ಕೊಡಗಿನ ಕಡೆಯವರಿಗೆ ಬಾಸೆಲ್ ಮಿಷನ್ನಿನ ಸಂಗ್ರಹ ಹೇಳ್ತೀನಿ. 1834ರಲ್ಲಿ ಮಂಗಳೂರಿಗೆ ಬಂದ ಪಾದ್ರಿಗಳ ಸಂಸ್ಥೆ ಅದು, ಹಂಚಿನ ಕಾರ್ಖಾನೆ ಹಾಕಿದವರು. ಅವರ ಸಾವಿರಾರು ಹಳೇ ಫೋಟೋ ಸ್ವಿಟ್ಜರ್ಲೆಂಡಿನಲ್ಲಿದೆ, ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದಾರೆ. ಇಲ್ಲಿ ಜನ ಇದಾರೆ! ಹುಡುಗಿಯರ ಸ್ಕೂಲು, ಮಗ್ಗ, ಮದುವೆ, ಕಾರ್ಖಾನೆ. ಆದ್ರೆ ಕೆಳಗೆ ಬರೆದಿರೋದನ್ನ ಓದಿದ್ರೆ ಪಾದ್ರಿಯ ಹೆಸರು ಇರುತ್ತೆ, ಪಕ್ಕದಲ್ಲಿ ನಿಂತ ನಮ್ಮ ಹೆಂಗಸಿಗೆ ಎಷ್ಟೋ ಕಡೆ ಜಾತಿಯೋ ಕಸುಬೋ ಅಷ್ಟೇ. ಅಳತೆಗೋಲಿನಂತೆ ಕೂರಿಸಿದವನ ಪಾಡೇ ಇದು, ಮುಖ ಮಾತ್ರ ಸ್ಪಷ್ಟ. ನಿಮ್ಮ ಕಡೆಯ ಯಾರಾದ್ರೂ ಹಿರಿಯರು ಆ ಮುಖಗಳನ್ನ ನೋಡಿ ಇವಳು ಇಂಥವರ ಮನೆಯವಳು ಅಂದ್ರೂ ಅನ್ನಬಹುದು.

ನಮ್ಮ ಮೈಸೂರಿನ ಮಾತಿಗೆ ಬರ್ತೀನಿ. ಈಗಿರೋ ಅರಮನೆ 1912ರಲ್ಲಿ ಮುಗಿದಿದ್ದು. ಅದಕ್ಕೆ ಮುಂಚೆ ಅಲ್ಲಿ ಮರದ ಅರಮನೆ ಇತ್ತು, 1897ರ ಫೆಬ್ರವರೀಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಸಮಯದಲ್ಲಿ ಬೆಂಕಿ ಬಿದ್ದು ಹೋಯ್ತು ಅಂತ ನಮಗೆಲ್ಲ ಗೊತ್ತು. ಮಾನಸಗಂಗೋತ್ರೀಲಿ ಜಾನಪದ ಮ್ಯೂಸಿಯಂ ಇರೋ ಜಯಲಕ್ಷ್ಮೀ ವಿಲಾಸ ಅವರಿಗೇ ಕಟ್ಟಿಸಿದ್ದು. ಆ ಮರದ ಅರಮನೆ ಹೇಗಿತ್ತು? 1890ರ ದಶಕದಲ್ಲಿ ಮೈಸೂರಿನ ನೆನಪು ಅಂತ ಒಂದು ಆಲ್ಬಂ ಮಾಡಿದ್ರು, ಅದು ವೈಸ್‌ರಾಯ್ ಕರ್ಜನ್ ಸಂಗ್ರಹಕ್ಕೆ ಸೇರಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರೀಲಿದೆ. ಸುಟ್ಟು ಹೋದ ಅರಮನೆ ಅದರಲ್ಲಿದೆ. ನಮ್ಮ ಊರಿಗೆ ಬಂದ ದೊಡ್ಡವರಿಗೆ ಕೊಡೋಕೆ ಅಂತ ಮಾಡಿದ ಪುಸ್ತಕ, ನಮ್ಮಲ್ಲಿ ಉಳಿಯದೆ ಇದ್ದಿದ್ದನ್ನ ಉಳಿಸಿದೆ.

ಅಂತರ್ಜಾಲಕ್ಕೆ ಹಾಕಿದ್ರೆ ಮುಗೀತು, ಇನ್ನು ಎಂದೂ ಹೋಗಲ್ಲ ಅಂತ ನಾನು ಅನ್ಕೊಂಡಿದ್ದೆ. ಹಾಗಲ್ಲ. 2023ರ ಅಕ್ಟೋಬರಲ್ಲಿ ಅದೇ ಬ್ರಿಟಿಷ್ ಲೈಬ್ರರಿ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗಿ ಎಲ್ಲ ಹಾಳು ಮಾಡಿದ್ರು. ತಿಂಗಳುಗಟ್ಟಲೆ ಏನೂ ತೆರೀತಿರ್ಲಿಲ್ಲ. ಇದೂ ಒಂದು ಬೆಂಕಿಯೇ, ಹೊಗೆ ಇಲ್ಲ ಅಷ್ಟೇ. ನಾನು ಆ ಮರದ ಅರಮನೆ ನೋಡಿದ್ದು ಲೈಬ್ರರಿಯವರ ಪುಟದಲ್ಲಲ್ಲ, ಮುಂಚೇನೇ ಯಾರೋ ಪುಣ್ಯಾತ್ಮರು ಪ್ರತಿ ಮಾಡಿ ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಿದ್ರಲ್ಲ, ಅಲ್ಲಿ. ಒಂದು ಪ್ರತಿ ಒಂದೇ ಕಡೆ ಇದ್ರೆ ಏನಾಗುತ್ತೆ ಅಂತ ನನಗೆ ಹೇಳ್ಬೇಡಿ, ಅಜ್ಜಿ ಫೋಟೋ ಕೊಟ್ಟು ಕಳ್ಕೊಂಡವಳು ನಾನು.

ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಬಗ್ಗೆ ಹೇಳದೆ ಇದ್ರೆ ತಪ್ಪಾಗುತ್ತೆ. 1923ರಲ್ಲಿ ಇಲ್ಲೇ ಹುಟ್ಟಿ, ದೇಶ ಎಲ್ಲ ಸುತ್ತಿ, 2009ರಲ್ಲಿ ತೀರ್ಕೊಂಡ್ರು. 1977ರಲ್ಲಿ ಪದ್ಮಶ್ರೀ ಬಂತು. ಅವರ ಫೋಟೋ ದೊಡ್ಡ ಸಂಗ್ರಹ ಈಗ ಬೆಂಗಳೂರಿನ ಮ್ಯಾಪ್ ಮ್ಯೂಸಿಯಂನಲ್ಲಿದೆ. ಆ ಮ್ಯೂಸಿಯಂ ಮೊದಲು ಬಾಗಿಲು ತೆಗೆದಿದ್ದೇ ಅಂತರ್ಜಾಲದಲ್ಲಿ, 2020ರ ಡಿಸೆಂಬರಲ್ಲಿ. ಕಸ್ತೂರಬಾ ರಸ್ತೆ ಕಟ್ಟಡ ತೆರೆದಿದ್ದು 2023ರಲ್ಲಿ. ಟ್ರೈಪ್ ಫೋಟೋ ನೋಡಿ ಸತ್ಯನ್ ಫೋಟೋ ನೋಡಿದ್ರೆ ಖಾಲಿ ಮನೆಗೆ ನೆಂಟರು ಬಂದ ಹಾಗಿರುತ್ತೆ. ಜನ, ಜನ, ಜನ. ಮಕ್ಕಳ ಫೋಟೋ ಅಂತೂ ಎಷ್ಟು ಚೆಂದ ಅಂದ್ರೆ 1979ರ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೇಲಿ ಪ್ರದರ್ಶನ ಇಟ್ಟಿದ್ರು. ಕಾಲಕ್ಕೆ ಕನ್ನಡಿ ಅಂತ ಅವರ ನೆನಪಿನ ಪುಸ್ತಕ ಇದೆ, ಸಿಕ್ಕಿದ್ರೆ ಬಿಡಬೇಡಿ. ಟ್ರೈಪ್‌ಗೆ ಗುಡಿ ಬೇಕಿತ್ತು, ಇವರಿಗೆ ಗುಡಿ ಮುಂದೆ ನಿಂತವರು ಬೇಕಿತ್ತು. ಕ್ಯಾಮೆರಾನೂ ಅಷ್ಟೊತ್ತಿಗೆ ಚುರುಕಾಗಿತ್ತು ಅನ್ನಿ, ಆದ್ರೆ ಬರೀ ಕ್ಯಾಮೆರಾದ ಮಾತಲ್ಲ ಅದು.

ಈಗ ನಮ್ಮ ಆರನೇ ಹೆಂಗಸಿನ ವಿಷಯ.

ನಾಲ್ಕು ದಿನ ಬಿಟ್ಟು, ಬೆಳಿಗ್ಗೆ ಕಾಫಿ ಆದ ಮೇಲೆ, ದೊಡ್ಡಮ್ಮನ ಕೈಗೆ ಮತ್ತೆ ಫೋಟೋ ಕೊಟ್ಟೆ. ಈ ಸಲ ಫೋನಲ್ಲಿ ದೊಡ್ಡದು ಮಾಡಿ ಬರೀ ಆ ಮುಖ ತೋರಿಸಿದೆ. ಅವರು ನಕ್ಕುಬಿಟ್ರು. "ಇವಳಾ? ಇವಳು ನಮ್ಮ ಜೊತೆ ಬಂದೋಳಲ್ಲ ಕಣೇ. ಅಲ್ಲಿ ಬಾಗಿಲ ಹತ್ರ ಬುಟ್ಟಿ ಇಟ್ಕೊಂಡು ಕಡಲೆಕಾಯಿ ಮಾರ್ತಾ ಇದ್ಲು. ನಿಮ್ಮ ದೊಡ್ಡಪ್ಪ, ಪಕ್ಕಕ್ಕೆ ಹೋಗಮ್ಮ ಫೋಟೋ ತೆಗೀಬೇಕು ಅಂದ್ರು. ಅತ್ತೆಯವರು ಬಿಡ್ಲಿಲ್ಲ. ಅವಳ ಊರಿಗೆ ನಾವು ಬಂದಿದೀವಿ, ಅವಳ್ಯಾಕೆ ಪಕ್ಕಕ್ಕೆ ಹೋಗ್ಬೇಕು, ಬಾರಮ್ಮ ನೀನೂ ನಿಂತ್ಕೋ ಅಂತ ಕರೆದ್ರು." ಅವಳು ನಾಚ್ಕೊಂಡು ದೂರ ನಿಂತಳಂತೆ. ಆಮೇಲೆ ಮಕ್ಕಳಿಗೆಲ್ಲ ಒಂದೊಂದು ಹಿಡಿ ಕಡಲೆಕಾಯಿ ಕೊಟ್ಟು, ದುಡ್ಡು ಕೊಡೋಕೆ ಹೋದ್ರೆ ಬೇಡ ಅಂದಳಂತೆ. ಅಜ್ಜಿ ಅವಳ ಮಡಿಲಿಗೆ ಒಂದು ರವಿಕೆ ಕಣ ಹಾಕಿದ್ರಂತೆ, ಬೇಲೂರಲ್ಲಿ ದೇವರಿಗೆ ಕೊಟ್ಟು ಉಳಿದಿದ್ದು. ಅಜ್ಜಿ ಅವಳ ಹೆಸರು ಕೇಳಿದ್ರು, ಅವಳು ಹೇಳಿದ್ಲು, ಅದು ಮಾತ್ರ ದೊಡ್ಡಮ್ಮನಿಗೆ ಬಾಯಿಗೆ ಬರ್ತಿಲ್ಲ. ಅವತ್ತೆಲ್ಲ ಹೆಸರು ಹುಡುಕ್ತಾ ಬೆರಳು ಮಡಚ್ತಾ ಇದ್ರು. ಸಂಜೆ ಹೊತ್ತಿಗೆ ಫೋಟೋನೂ ಮರೆತಿದ್ರು.

ಫೋಟೋ ಹಿಂದೆ ಮೆತ್ತನೇ ಪೆನ್ಸಿಲಲ್ಲಿ, ಒತ್ತದೆ, ಬರೆದಿದೀನಿ. ಪೆನ್ನಲ್ಲಿ ಬರೀಬೇಡಿ, ಇಂಕು ಮುಂದಕ್ಕೆ ಇಳಿಯುತ್ತೆ. ಎಡದಿಂದ ಐದು ಹೆಸರು, ಯಾರ ಮಗಳು ಯಾರ ಸೊಸೆ ಅಂತ. ಆಮೇಲೆ "ಹಳೇಬೀಡಿನಲ್ಲಿ ಕಡಲೆಕಾಯಿ ಮಾರುತ್ತಿದ್ದವರು, ಅಜ್ಜಿ ಕರೆದು ನಿಲ್ಲಿಸಿದ್ದು, 1967." ಹೆಸರಿಗೆ ಅಂತ ಸ್ವಲ್ಪ ಜಾಗ ಬಿಟ್ಟಿದೀನಿ. ಹನ್ನೊಂದನ್ನೂ ಸ್ಕ್ಯಾನ್ ಮಾಡಿಸಿ ಮಿಚಿಗನ್ನಿಗೊಂದು, ಬೆಂಗಳೂರಿಗೊಂದು, ಹಾಸನದ ಅತ್ತಿಗೆಗೊಂದು ಕಳಿಸಿದೀನಿ. ಈ ಸಲ ಅಂಗಡಿಗೆ ಕೊಟ್ಟು ಬರ್ಲಿಲ್ಲ, ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿದ್ದೆ.

ಇಷ್ಟೆಲ್ಲ ಬರೆದಿದ್ದು ಯಾಕೆ ಅಂದ್ರೆ, ಆ ವ್ಯಾನಲ್ಲಿ ನಮ್ಮ ಮನೆಯವರಷ್ಟೇ ಹೋಗಿರ್ಲಿಲ್ಲ. ಬೀದಿಯ ಇನ್ನೂ ಮೂರು ಮನೆಯವರಿದ್ರು. ದೊಡ್ಡಪ್ಪ ರೀಲು ತೊಳೆಸಿದಾಗ ಎಲ್ಲರಿಗೂ ಒಂದೊಂದು ಸೆಟ್ ಮಾಡಿಸಿ ಹಂಚಿದ್ರು ಅಂತ ದೊಡ್ಡಮ್ಮ ಹೇಳ್ತಾರೆ. ಹಾಗಾದ್ರೆ ಹನ್ನೆರಡನೇದು ಯಾರ ಮನೇಲೋ ಇರ್ಬೇಕು. ಅಜ್ಜಿ ಕಂಬಕ್ಕೆ ಒರಗಿ ನಿಂತಿರೋದು, ಕೈಲಿ ಬಟ್ಟೆ ಚೀಲ, ತಲೆ ಮೇಲೆ ಸೆರಗಿಲ್ಲ. ದಸರಾಕ್ಕೆ ಗೊಂಬೆ ತೆಗೆಯೋಕೆ ಹೇಗೂ ಅಟ್ಟ ಹತ್ತುತೀರಿ, ಹಳೇ ಲಕೋಟೆ, ಪಂಚಾಂಗದ ಮಧ್ಯೆ, ದೇವರ ಪಟದ ಹಿಂದೆ ಒಂದು ಸಲ ನೋಡಿ. ಸಿಕ್ಕಿದ್ರೆ ಫೋನ್ ಮಾಡಿ, ನಾನೇ ಬರ್ತೀನಿ. ಬೆಳಿಗ್ಗೆ ಹೊತ್ತು ಸಿಕ್ಕಿದ್ರೆ ಇನ್ನೂ ಒಳ್ಳೇದು, ದೊಡ್ಡಮ್ಮನ್ನೂ ಆಟೋದಲ್ಲಿ ಕೂರಿಸ್ಕೊಂಡು ಬರ್ತೀನಿ.